ಬೊಂಬಾಯಿಯಲ್ಲಿ ಕಳೆದುಹೋದ ಕಾಗದ

1990ರ ಜುಲೈ 15. ಬೊಂಬಾಯಿಯ ಬಾರೊಂದರಲ್ಲಿ ಕುಳಿತು ಇಂಗ್ಲಿಷ್ ತರುಣನೊಬ್ಬ ಲಂಡನ್ನಿನಲ್ಲಿರುವ ಗೆಳತಿಗೆ ಕಾಗದ ಬರೆಯುತ್ತಿದ್ದಾನೆ. ಉದ್ದನೆಯ ಕಾಗದ. ಸ್ವಲ್ಪ ಕುಡಿದಿದ್ದಾನೆ, ಹಾಗಾಗಿ ಸಂಕೋಚವೂ ಇಲ್ಲ. ಎರಡು ವರ್ಷಗಳಿಂದ ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಆ ರಾತ್ರಿ ಹೇಳಿಬಿಡುತ್ತಾನೆ. ನೀನು ಎಷ್ಟು ಜಾಣೆ ಎಂಬುದು ನಿನಗೇ ಗೊತ್ತಿಲ್ಲ, ಆ ಕೆಲಸ ಬಿಟ್ಟು ಇಂಡಿಯಾಕ್ಕೆ ಬಾ, ಇಬ್ಬರೂ ತಾಜಮಹಲಿನಲ್ಲಿ ಭೇಟಿಯಾಗೋಣ ಎನ್ನುತ್ತಾನೆ. ಅಷ್ಟರಲ್ಲಿ ಹಾಲೆಂಡಿನ ಹುಡುಗಿಯೊಬ್ಬಳ ಪರಿಚಯವಾಗುತ್ತದೆ. ಅವಳ ಜೊತೆ ಎದ್ದು ಹೋಗುತ್ತಾನೆ. ಕಾಗದ ಅಲ್ಲೇ ಉಳಿಯುತ್ತದೆ. ಅದು ಸಿಕ್ಕುವುದು ಪ್ರವಾಸಕ್ಕೆ ಬಂದಿದ್ದ ಜರ್ಮನ್ ವಿದ್ಯಾರ್ಥಿನಿಯೊಬ್ಬಳಿಗೆ. ಪಾಪ, ಅವಳು ಓದಿ ಮನಸ್ಸು ಕರಗಿಸಿಕೊಳ್ಳುತ್ತಾಳೆ. ಆದರೆ ಕಳಿಸುವುದು ಎಲ್ಲಿಗೆ? ಕಾಗದದಲ್ಲಿ ಹೆಸರಿದೆ, ವಿಳಾಸವಿಲ್ಲ.

ಡೇವಿಡ್ ನಿಕೋಲ್ಸ್ ಬರೆದ 'ಒನ್ ಡೇ' ಎಂಬ ಇಂಗ್ಲಿಷ್ ಕಾದಂಬರಿಯ ಮೂರನೆಯ ಅಧ್ಯಾಯ ಇದು. 2009ರಲ್ಲಿ ಪ್ರಕಟವಾದ ಈ ಪುಸ್ತಕವನ್ನು ಓದಿದವರು ಸಾಮಾನ್ಯವಾಗಿ ಎಲ್ಲ ಮರೆತರೂ ಈ ಕಾಗದವನ್ನು ಮಾತ್ರ ಮರೆಯುವುದಿಲ್ಲ. 'ಅಯ್ಯೋ, ಅದೊಂದು ಅವಳ ಕೈ ಸೇರಿದ್ದರೆ!' ಎಂದು ಹಲುಬದ ಓದುಗರು ಅಪರೂಪ. ಸೇರಿದ್ದರೆ ಏನಾಗುತ್ತಿತ್ತು? ಇಡೀ ಕಾದಂಬರಿಯ ತಿರುಳು ಇರುವುದೇ ಈ ಒಂದು ಪ್ರಶ್ನೆಯಲ್ಲಿ.

ಕಾಗದ ಬರೆದವನು ಡೆಕ್ಸ್‌ಟರ್ ಮೇಹ್ಯೂ. ಬರೆಯಿಸಿಕೊಂಡವಳು ಎಮ್ಮಾ ಮಾರ್ಲಿ. ಇಬ್ಬರೂ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಓದುತ್ತಿದ್ದಾಗ ಮುಖಪರಿಚಯಕ್ಕಿಂತ ಹೆಚ್ಚೇನೂ ಇರಲಿಲ್ಲ. ಪದವಿ ಮುಗಿದ ರಾತ್ರಿ, 1988ರ ಜುಲೈ 15ರಂದು, ರ‍್ಯಾಂಕೀಲರ್ ಬೀದಿಯ ಎಮ್ಮಾಳ ಕೋಣೆಯಲ್ಲಿ ಬೆಳಗಿನ ಜಾವದವರೆಗೆ ಹರಟುತ್ತಾರೆ. ನಲವತ್ತಾದಾಗ ನೀನು ಹೇಗಿರುತ್ತೀ, ನಾನು ಹೇಗಿರುತ್ತೇನೆ ಎಂಬಂಥ ಮಾತು. ಕಥೆ ಆರಂಭವಾಗುವುದು ಅಲ್ಲಿ. ಅಲ್ಲಿಂದ ಮುಂದೆ ಸುಮಾರು ಇಪ್ಪತ್ತು ವರ್ಷ, ಪ್ರತಿ ವರ್ಷದ ಜುಲೈ 15ರಂದು ಇಬ್ಬರೂ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದಷ್ಟನ್ನೇ ಲೇಖಕ ತೋರಿಸುತ್ತಾನೆ. ಉಳಿದ 364 ದಿನಗಳನ್ನು ಓದುಗನೇ ಊಹಿಸಿಕೊಳ್ಳಬೇಕು. ಕೆಲವು ವರ್ಷ ಇಬ್ಬರೂ ಜೊತೆಗಿದ್ದಾರೆ. ಹಲವು ವರ್ಷ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆಯವರ ಜೊತೆ ಇದ್ದಾರೆ. ಒಂದೆರಡು ವರ್ಷ ಮಾತೇ ಇಲ್ಲ.

ಜುಲೈ 15 ಇಂಗ್ಲೆಂಡಿನಲ್ಲಿ ಸೇಂಟ್ ಸ್ವಿದಿನ್ ದಿನ. ಅಂದು ಮಳೆ ಬಿದ್ದರೆ ಮುಂದೆ ನಲವತ್ತು ದಿನ ಬಿಡದೆ ಸುರಿಯುತ್ತದೆ, ಬೀಳದಿದ್ದರೆ ನಲವತ್ತು ದಿನ ಬಿಸಿಲು ಎಂದು ಅಲ್ಲಿನ ಹಳಬರ ನಂಬಿಕೆ. ನಕ್ಷತ್ರ ನೋಡಿ ಮಳೆ ಲೆಕ್ಕ ಹಾಕುವ ನಮ್ಮ ರೈತರಿಗೆ ಇದರಲ್ಲಿ ಹೊಸತೇನೂ ಕಾಣದು. ಆದರೆ ನಿಕೋಲ್ಸ್ ಆ ದಿನವನ್ನು ಇಟ್ಟುಕೊಂಡದ್ದರ ಹಿಂದೆ ಇನ್ನೊಂದು ಕಾರಣವಿದೆ. ಥಾಮಸ್ ಹಾರ್ಡಿಯ 'ಟೆಸ್' ಕಾದಂಬರಿಯ ನಾಯಕಿಗೆ ಒಂದು ದಿನ ವಿಚಿತ್ರವಾದ ಯೋಚನೆ ಹೊಳೆಯುತ್ತದೆ. ಹುಟ್ಟಿದ ದಿನ ಎಲ್ಲರಿಗೂ ಗೊತ್ತು. ಸಾಯುವ ದಿನವೂ ಪ್ರತಿ ವರ್ಷ ಸದ್ದಿಲ್ಲದೆ ಬಂದು ಹೋಗುತ್ತಲೇ ಇರುತ್ತದಲ್ಲ, ಅದು ಯಾವುದು? 1891ರಲ್ಲಿ ಬಂದ ಆ ಕಾದಂಬರಿಯನ್ನು ಬಿಬಿಸಿ 2008ರಲ್ಲಿ ದೂರದರ್ಶನ ಧಾರಾವಾಹಿ ಮಾಡಿದಾಗ ಚಿತ್ರಕಥೆ ಬರೆದವನು ಇದೇ ನಿಕೋಲ್ಸ್. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಷ್ಟು ಹೇಳಿದರೆ ಸಾಕು, 'ಒನ್ ಡೇ' ಎತ್ತ ಸಾಗುತ್ತಿದೆ ಎಂಬ ಅನುಮಾನ ಹುಟ್ಟಿಬಿಡುತ್ತದೆ.

ಸ್ನೇಹಿತರಾಗಿದ್ದವರು ಕೊನೆಗೆ ಪ್ರೇಮಿಗಳಾಗುವ ಕಥೆ ಇಂಗ್ಲಿಷಿನಲ್ಲಿ ಹಳೆಯ ದಾರಿ. 1815ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್‌ಳ 'ಎಮ್ಮಾ'ದಲ್ಲಿ ನಾಯಕಿ ಊರಿನವರಿಗೆಲ್ಲ ಜೋಡಿ ಹುಡುಕುತ್ತಾ ಹೋಗಿ, ಬಾಲ್ಯದಿಂದ ಕಂಡ ನೈಟ್ಲಿ ಎಂಬ ಹಿತೈಷಿಯೇ ತನ್ನವನೆಂದು ಕಡೆಯಲ್ಲಿ ಅರಿಯುತ್ತಾಳೆ. 1989ರ 'ವೆನ್ ಹ್ಯಾರಿ ಮೆಟ್ ಸ್ಯಾಲಿ' ಎಂಬ ಅಮೆರಿಕನ್ ಚಿತ್ರದಲ್ಲಂತೂ ಗಂಡು ಹೆಣ್ಣು ಬರಿಯ ಸ್ನೇಹಿತರಾಗಿರಲು ಸಾಧ್ಯವೇ ಎಂಬುದೇ ಚರ್ಚೆ. ಈ ಬಗೆಯ ಕಥೆಗಳಲ್ಲಿ ಕೊನೆ ಏನೆಂದು ಮೊದಲ ಪುಟದಲ್ಲೇ ಓದುಗನಿಗೆ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಒಂದೇ: ಇಷ್ಟು ದಿನ ಅವರನ್ನು ತಡೆದು ನಿಲ್ಲಿಸಿದ್ದು ಏನು? ಹೆಚ್ಚಿನ ಕಥೆಗಳು ಈ ಜಾಗದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೋ, ಒಬ್ಬ ಖಳನನ್ನೋ, ತಲುಪದ ಕಾಗದವನ್ನೋ ತಂದು ನಿಲ್ಲಿಸುತ್ತವೆ. ನಿಕೋಲ್ಸ್ ಕೂಡ ಕಾಗದವನ್ನು ಕಳೆಯುತ್ತಾನೆ, ನಿಜ. ಆದರೆ ಸ್ವಲ್ಪ ನಿಧಾನವಾಗಿ ಓದಿದರೆ, ತಡೆದದ್ದು ಕಾಗದವಲ್ಲ ಎಂಬುದು ತಿಳಿಯುತ್ತದೆ.

ಮೊದಲು ಅಂಕಪಟ್ಟಿಯ ಮಾತು. ಎಮ್ಮಾ ಉತ್ತರ ಇಂಗ್ಲೆಂಡಿನ ಲೀಡ್ಸ್ ಕಡೆಯ ಸಾಮಾನ್ಯ ಮನೆತನದ ಹುಡುಗಿ. ಸರ್ಕಾರಿ ಶಾಲೆಯಲ್ಲಿ ಓದಿ, ಇಂಗ್ಲಿಷ್ ಮತ್ತು ಚರಿತ್ರೆ ಎರಡರಲ್ಲೂ ಪ್ರಥಮ ದರ್ಜೆ ಪಡೆದವಳು. ಕನ್ನಡಕ, ಗೋಡೆಯ ತುಂಬ ಪೋಸ್ಟರು, ಪ್ರತಿಯೊಂದರ ಬಗ್ಗೆಯೂ ಖಚಿತ ಅಭಿಪ್ರಾಯ. ಅವಳು ಓದಿದ ಕಾಲದಲ್ಲಿ ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳು ಬೋಧನಾ ಶುಲ್ಕ ಕೊಡಬೇಕಿರಲಿಲ್ಲ. ಶುಲ್ಕ ಬಂದದ್ದು 1998ರಲ್ಲಿ. ಆ ಅನುಕೂಲ ಇಲ್ಲದಿದ್ದರೆ ಇಂಥ ಮನೆಯ ಹುಡುಗಿಯೂ ಅಂಥ ಮನೆಯ ಹುಡುಗನೂ ಒಂದೇ ಊರಿನಲ್ಲಿ ಓದಿ ಎದುರುಬದುರು ಆಗುವುದು ಅಷ್ಟು ಸುಲಭವಿರಲಿಲ್ಲವೇನೋ. ಡೆಕ್ಸ್‌ಟರ್ ಆಕ್ಸ್‌ಫರ್ಡ್‌ಶೈರಿನ ಸ್ಥಿತಿವಂತರ ಮಗ. ವಿಂಚೆಸ್ಟರ್ ಎಂಬ ಹಳೆಯ ಶ್ರೀಮಂತ ಶಾಲೆಯಲ್ಲಿ ಕಲಿತವನು. ನೋಡಲು ಚೆಲುವ. ಅವನ ಪದವಿ ಮಾನವಶಾಸ್ತ್ರದಲ್ಲಿ, ಅದೂ ದ್ವಿತೀಯ ದರ್ಜೆಯ ಕೆಳ ಅಂತಸ್ತಿನಲ್ಲಿ. ಅದರ ಬಗ್ಗೆ ಅವನಿಗೆ ಕೊರಗೂ ಇಲ್ಲ.

ಮುಂದೆ ಆಗುವುದೇನು? ಎರಡು ಪ್ರಥಮ ದರ್ಜೆ ಪಡೆದ ಎಮ್ಮಾ ಒಂದು ಸಣ್ಣ ನಾಟಕ ತಂಡದ ಜೊತೆ ವ್ಯಾನಿನಲ್ಲಿ ಊರೂರು ಸುತ್ತಿ, ಗದ್ದಲ ಮಾಡುವ ಶಾಲಾಮಕ್ಕಳ ಮುಂದೆ ಪಾತ್ರ ಮಾಡುತ್ತಾಳೆ. ಆಮೇಲೆ ಲಂಡನ್ನಿನ ಕ್ಯಾಮ್ಡೆನ್ ಟೌನ್ ಕಡೆಯ ಮೆಕ್ಸಿಕನ್ ಹೋಟೆಲೊಂದರಲ್ಲಿ ಮೇಜಿಗೆ ತಟ್ಟೆ ತಂದಿಡುವ ಕೆಲಸ. 'ತಾತ್ಕಾಲಿಕ' ಎಂದುಕೊಂಡು ಸೇರಿದ ಕೆಲಸ ವರ್ಷ ಕಳೆದರೂ ಬಿಡುವುದಿಲ್ಲ. ಮ್ಯಾನೇಜರ್ ಹುದ್ದೆಗೆ ಬಡ್ತಿ ಬಂದಾಗ ಸಂತೋಷಪಡಬೇಕೋ ಅಳಬೇಕೋ ಎಂದು ತಿಳಿಯದ ಅವಳ ಸ್ಥಿತಿಯನ್ನು ನಿಕೋಲ್ಸ್ ಬರೆದಿರುವ ಪುಟಗಳು ಕಾದಂಬರಿಯ ಅತ್ಯುತ್ತಮ ಪುಟಗಳಲ್ಲಿ ಸೇರುತ್ತವೆ. ರ‍್ಯಾಂಕ್ ಬಂದ ಮಗ ಅಥವಾ ಮಗಳು ಎರಡು ವರ್ಷದಿಂದ ಮನೆಯಲ್ಲೇ ಕುಳಿತಿರುವುದನ್ನು ಕಂಡ ತಂದೆತಾಯಿಗಳಿಗೆ ಇದು ಹೆಚ್ಚು ವಿವರಿಸದೆ ಅರ್ಥವಾಗುತ್ತದೆ. ಅತ್ತ ಡೆಕ್ಸ್‌ಟರ್ ದೇಶ ಸುತ್ತಿ ಬಂದು, ಮುಖ ಚೆನ್ನಾಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಟೆಲಿವಿಷನ್ ನಿರೂಪಕನಾಗುತ್ತಾನೆ. ಬೀದಿಯಲ್ಲಿ ಜನ ಗುರುತಿಸುತ್ತಾರೆ. ದುಡ್ಡು, ಕಾರು, ಕುಡಿತ, ಅದಕ್ಕಿಂತ ಕೆಟ್ಟ ಚಟಗಳು ಒಂದರ ಹಿಂದೆ ಒಂದು ಬರುತ್ತವೆ.

ಲೇಖಕನಿಗೆ ಈ ನಡುಗಾಲದ ಅನುಭವ ಪುಸ್ತಕದಿಂದ ಬಂದದ್ದಲ್ಲ. 1966ರಲ್ಲಿ ಹುಟ್ಟಿದ ನಿಕೋಲ್ಸ್ ಬ್ರಿಸ್ಟಲ್ ವಿಶ್ವವಿದ್ಯಾನಿಲಯದಿಂದ ಹೊರಬಂದದ್ದು ಕೂಡ 1988ರಲ್ಲೇ. ನಟನಾಗಬೇಕೆಂದು ನ್ಯೂಯಾರ್ಕಿಗೆ ಹೋಗಿ ತರಬೇತಿ ಪಡೆದ. ಬಂದು ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರ ಮಾಡಿದ. ಮೊದಲ ಕಾದಂಬರಿ ಹೊರಬರುವ ಹೊತ್ತಿಗೆ, ಅಂದರೆ 2003ಕ್ಕೆ, ಅವನಿಗೆ ಮೂವತ್ತಾರು ದಾಟಿತ್ತು.

ಇಷ್ಟು ದೂರ ದೂರದ ಇಬ್ಬರನ್ನು ಹಿಡಿದಿಟ್ಟದ್ದು ಯಾವುದು? ಕಾಗದ, ದೂರವಾಣಿ, ಆಗೊಮ್ಮೆ ಈಗೊಮ್ಮೆ ಭೇಟಿ. ಮೊದಲ ಕೆಲವು ವರ್ಷ ಎಮ್ಮಾ ಉದ್ದುದ್ದ ಕಾಗದ ಬರೆಯುತ್ತಾಳೆ, ಅವನು ಒಂದು ಕಾರ್ಡಿನ ಹಿಂಬದಿಯಲ್ಲಿ ಎರಡು ಸಾಲು ಗೀಚುತ್ತಾನೆ. ಈ ಅಸಮಾನ ಲೆಕ್ಕ ಯಾವ ಹಾಸ್ಟೆಲಿನ ಹುಡುಗಿಗೆ ಗೊತ್ತಿಲ್ಲ? 1992ರಲ್ಲಿ ಇಬ್ಬರೂ ಗ್ರೀಸಿನ ದ್ವೀಪಗಳಿಗೆ ರಜೆಗೆಂದು ಹೋಗುತ್ತಾರೆ. ಹೊರಡುವ ಮೊದಲೇ ನಿಯಮಗಳನ್ನು ಗೊತ್ತುಮಾಡಿಕೊಂಡಿದ್ದಾರೆ, ಸ್ನೇಹದ ಗೆರೆ ದಾಟಬಾರದೆಂದು. ನಿಯಮ ಬೇಕಾಯಿತು ಎಂಬುದರಲ್ಲೇ ಎಲ್ಲವೂ ಇದೆ. ಆ ದಿನ ಡೆಕ್ಸ್‌ಟರ್ ತನಗೆ ಅವಳ ಮೇಲೆ ಮನಸ್ಸಿದೆ ಎನ್ನುತ್ತಾನೆ. ಆದರೆ ಮರುಮಾತಿನಲ್ಲೇ, ತನಗೆ ಮನಸ್ಸಾಗುವುದು ಹೆಚ್ಚುಕಡಿಮೆ ಎಲ್ಲರ ಮೇಲೂ ಎಂದು ಸೇರಿಸಿಬಿಡುತ್ತಾನೆ. ಅಲ್ಲಿಗೆ ಮುಗಿಯಿತು.

ಕನ್ನಡದಲ್ಲಿ 'ಗೆಳತಿ' ಎಂಬ ಪದ ಎರಡೂ ಕೆಲಸ ಮಾಡುತ್ತದೆ. ನೆರೆಮನೆಯ ಸಹಪಾಠಿಯೂ ಗೆಳತಿ, ನಮ್ಮ ಭಾವಗೀತೆಗಳ ಪ್ರೇಯಸಿಯೂ ಗೆಳತಿ. ಹಾಗಾಗಿಯೋ ಏನೋ, ಮಗ 'ಅವಳು ನನ್ನ ಗೆಳತಿ' ಎಂದರೆ ತಾಯಿ ಒಂದು ಕ್ಷಣ ಸೌಟು ಹಿಡಿದ ಕೈ ನಿಲ್ಲಿಸುತ್ತಾಳೆ. ಮಕ್ಕಳ ಕಡೆಯಿಂದ ನೋಡಿದರೆ ಅಲ್ಲೂ ಒಂದು ಗೊಂದಲ. ಸ್ನೇಹವೆಂಬುದು ಪ್ರೇಮದ ಮನೆಯ ಹೊರಜಗುಲಿ, ಸ್ವಲ್ಪ ಹೊತ್ತು ಅಲ್ಲಿ ಕೂತಿದ್ದರೆ ಒಳಗೆ ಕರೆದೇ ಕರೆಯುತ್ತಾರೆ ಎಂದು ಸಿನಿಮಾಗಳು ಕಲಿಸಿವೆ. ಕರೆಯದಿದ್ದರೆ ಮೋಸವಾಯಿತೆಂಬ ಸಿಟ್ಟು ಬೇರೆ. 'ಒನ್ ಡೇ' ಈ ಎರಡೂ ಕಡೆಯವರಿಗೆ ಒಪ್ಪಿಗೆಯಾಗದಂಥ ಒಂದು ಮಾತನ್ನು ಹೇಳುತ್ತದೆ. ಪ್ರೀತಿ ಇದ್ದೂ ಸ್ನೇಹ ಸಾಯಬಹುದು. ಆಗ ಆ ಪ್ರೀತಿಯಿಂದ ಯಾವ ಪ್ರಯೋಜನವೂ ಇಲ್ಲ.

ಅದನ್ನು ಕಾದಂಬರಿ ತೋರಿಸುವುದು ತೊಂಬತ್ತರ ದಶಕದ ನಡುವಿನ ಒಂದು ಜುಲೈ 15ರಂದು. ಅದಕ್ಕೆ ಹಿನ್ನೆಲೆಯಾಗಿ 1993ರ ಅಧ್ಯಾಯವನ್ನು ನೋಡಬೇಕು. ಡೆಕ್ಸ್‌ಟರನ ತಾಯಿ ಆಲಿಸನ್‌ಳಿಗೆ ಕ್ಯಾನ್ಸರ್. ಹೆಚ್ಚು ದಿನ ಉಳಿದಿಲ್ಲ. ಮಗ ನೋಡಲು ಬರುತ್ತಾನೆ, ಹಿಂದಿನ ರಾತ್ರಿಯ ಅಮಲು ಇಳಿಯದ ಸ್ಥಿತಿಯಲ್ಲಿ. ಬಂದವನು ತಾಯಿಯ ಪಕ್ಕ ಕೂರುವುದರ ಬದಲು ಮಲಗಿ ನಿದ್ದೆ ಹೋಗುತ್ತಾನೆ. ತಾಯಿ ಗದರುವುದಿಲ್ಲ. ನೀನು ಮುಂದೆ ಒಳ್ಳೆಯವನಾಗುತ್ತೀ ಎಂಬ ನಂಬಿಕೆ ಇದೆ, ಈಗ ಮಾತ್ರ ಆಗಿಲ್ಲ ಎಂಬರ್ಥದ ಮಾತನ್ನು ಮೃದುವಾಗಿ ಹೇಳುತ್ತಾಳೆ. ತಂದೆ ಸ್ಟೀಫನ್ ಮಾತ್ರ ಮಗನನ್ನು ಕಾರಿನಲ್ಲಿ ಬಿಟ್ಟುಬರಲು ಹೋದಾಗ, ಇನ್ನೊಮ್ಮೆ ಈ ಸ್ಥಿತಿಯಲ್ಲಿ ನಿನ್ನ ತಾಯಿಯ ಮುಂದೆ ಬಂದರೆ ಮನೆಯೊಳಕ್ಕೆ ಬಿಡುವುದಿಲ್ಲ ಎಂದು ಹೇಳಿಬಿಡುತ್ತಾನೆ. ದನಿ ಎತ್ತುವುದೂ ಇಲ್ಲ. ಆ ಸಂಜೆ ಡೆಕ್ಸ್‌ಟರ್ ಫೋನ್ ಮಾಡುವುದು ಎಮ್ಮಾಳಿಗೆ. ಅವಳು ಮನೆಯಲ್ಲಿಲ್ಲ. ಯಂತ್ರಕ್ಕೆ ಮಾತು ಒಪ್ಪಿಸಿ ಇಟ್ಟುಬಿಡುತ್ತಾನೆ. ಬೊಂಬಾಯಿಯ ಕಾಗದದ ನಂತರ ಅವನ ಮನಸ್ಸಿನ ಮಾತು ಅವಳಿಗೆ ತಪ್ಪಿಹೋದ ಎರಡನೆಯ ಸಲ ಅದು.

ತಂದೆತಾಯಿಗಳು ಈ ಕಾದಂಬರಿಯಲ್ಲಿ ಓದಬೇಕಾದ ಒಂದೇ ಅಧ್ಯಾಯ ಯಾವುದೆಂದು ಕೇಳಿದರೆ ಇದನ್ನೇ ಹೇಳಬೇಕು. ಮಕ್ಕಳು ಹಾದಿ ತಪ್ಪಿದಾಗ ತಾಯಿಯ ಮೃದು ಮಾತು ಸರಿಯೋ ತಂದೆಯ ಕಟು ಮಾತು ಸರಿಯೋ ಎಂಬ ಪ್ರಶ್ನೆಗೆ ನಿಕೋಲ್ಸ್ ಉತ್ತರ ಕೊಡುವುದಿಲ್ಲ. ಮಗ ಎರಡನ್ನೂ ಹೊತ್ತುಕೊಂಡು ಹೋಗುತ್ತಾನೆ, ಹತ್ತು ವರ್ಷ.

ಮತ್ತೆ ಆ ಜಗಳದ ಮಾತು. ಲಂಡನ್ನಿನ ದುಬಾರಿ ಹೋಟೆಲೊಂದರಲ್ಲಿ ಇಬ್ಬರೂ ಊಟಕ್ಕೆ ಕೂತಿದ್ದಾರೆ. ಎಮ್ಮಾ ಈಗ ಶಾಲೆಯೊಂದರಲ್ಲಿ ಅಧ್ಯಾಪಕಿ. ಡೆಕ್ಸ್‌ಟರ್ ಅವಳ ಮಾತಿಗೆ ಗಮನ ಕೊಡುವುದಿಲ್ಲ. ಅತ್ತಿತ್ತ ನೋಡುತ್ತಾನೆ, ಎದ್ದೆದ್ದು ಹೋಗಿ ಬರುತ್ತಾನೆ, ಪಾಠ ಹೇಳುವ ಅವಳ ಕೆಲಸವನ್ನು ಹಗುರ ಮಾಡಿ ಮಾತನಾಡುತ್ತಾನೆ. ಅವಳು ಎದ್ದು ಹೊರಬರುತ್ತಾಳೆ. ಬೀದಿಯಲ್ಲಿ ನಿಂತು ಅವಳು ಹೇಳುವುದರ ಸಾರ ಇಷ್ಟು: ಪ್ರೀತಿ ಹೋಗಿಲ್ಲ, ಬೇಕಾದಷ್ಟಿದೆ. ಆದರೆ ನಿನ್ನನ್ನು ಕಂಡರೆ ಈಗ ಇಷ್ಟವಾಗುವುದಿಲ್ಲ. ಅಷ್ಟು ಹೇಳಿ ಹೊರಟುಹೋಗುತ್ತಾಳೆ. ಮುಂದಿನ ವರ್ಷಗಳಲ್ಲಿ ಇಬ್ಬರ ನಡುವೆ ಮೌನ.

'ಪ್ರೀತಿ' ಮತ್ತು 'ಇಷ್ಟ' ಎರಡರ ನಡುವಿನ ಈ ಅಂತರವೇ ಈ ಪುಸ್ತಕದ ನಿಜವಾದ ವಸ್ತು. ಪ್ರೇಮಕಥೆಗಳೆಲ್ಲ ಪ್ರೀತಿ ಹುಟ್ಟಿತೋ ಇಲ್ಲವೋ ಎಂದು ಕಾಯುತ್ತವೆ. ಇಲ್ಲಿ ಪ್ರೀತಿ ಮೊದಲ ದಿನದಿಂದಲೂ ಇದೆ. ಅದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ. ಸಂಪಾದಿಸಿಕೊಳ್ಳಬೇಕಾದದ್ದು ಇಷ್ಟವನ್ನು, ಅಂದರೆ ಒಬ್ಬರ ಕಣ್ಣಿಗೆ ಇನ್ನೊಬ್ಬರು ಗೌರವಕ್ಕೆ ತಕ್ಕವರಾಗಿ ಕಾಣುವುದನ್ನು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಎಮ್ಮಾ ಆ ರಾತ್ರಿ ಎದ್ದು ಹೋಗದೆ, 'ಪಾಪ, ತಾಯಿಯನ್ನು ಕಳೆದುಕೊಂಡವನು' ಎಂದು ಸಹಿಸಿಕೊಂಡಿದ್ದರೆ ಅವನು ಹಾಗೇ ಉಳಿಯುತ್ತಿದ್ದ ಎನಿಸುತ್ತದೆ.

ಹಾಗಾದರೆ ಇದು, ಕೆಟ್ಟ ಹುಡುಗನನ್ನು ತಿದ್ದಲು ಒಳ್ಳೆಯ ಹುಡುಗಿ ಯೌವನ ಸವೆಸುವ ಅದೇ ಹಳೆಯ ಕಥೆಯಲ್ಲವೇ? ಕಾಲೇಜು ಹುಡುಗಿಯರು ಈ ಪ್ರಶ್ನೆ ಕೇಳಬೇಕು, ಕೇಳಿದರೆ ಸರಿಯೇ. ಪುಸ್ತಕದ ದೊಡ್ಡ ದೌರ್ಬಲ್ಯವೂ ಇಲ್ಲೇ ಇದೆ. ಡೆಕ್ಸ್‌ಟರನ ಪತನಕ್ಕೂ ಚೇತರಿಕೆಗೂ ಸಿಕ್ಕಿದ ವಿಸ್ತಾರ ಎಮ್ಮಾಳ ಬೆಳವಣಿಗೆಗೆ ಸಿಕ್ಕಿಲ್ಲ. ಶಾಲೆಯ ಮುಖ್ಯೋಪಾಧ್ಯಾಯನ ಜೊತೆ ಅವಳ ಸಂಬಂಧದ ಪ್ರಸಂಗವಂತೂ, ಅಷ್ಟು ಬುದ್ಧಿಯುಳ್ಳವಳಿಗೆ ಲೇಖಕ ಮಾಡಿದ ಅನ್ಯಾಯ. ಅಷ್ಟಾದರೂ ಎಮ್ಮಾ ಕಾದು ಕುಳಿತವಳಲ್ಲ ಎಂಬುದನ್ನು ಗಮನಿಸಬೇಕು. ಹೋಟೆಲು ಬಿಟ್ಟು ತರಬೇತಿ ಪಡೆದು ಅಧ್ಯಾಪಕಿಯಾದದ್ದು ತನ್ನ ಪ್ರಯತ್ನದಿಂದ. ಇಯಾನ್ ಎಂಬ, ಜನರನ್ನು ನಗಿಸಲು ಹೊರಟು ನಗಿಸಲಾಗದ ಸಾಧು ಮನುಷ್ಯನ ಜೊತೆ ಕೆಲವು ವರ್ಷ ಇದ್ದು, ಅದು ತನಗೆ ಹೊಂದದು ಎಂದು ಹೊರಬರುತ್ತಾಳೆ. ಮನಸ್ಸಿನಲ್ಲೇ ಇದ್ದ ಬರವಣಿಗೆಯ ಆಸೆಯನ್ನು ಕೊನೆಗೂ ಕೈಗೆತ್ತಿಕೊಂಡು ಶಾಲಾ ಹುಡುಗಿಯೊಬ್ಬಳನ್ನು ನಾಯಕಿಯಾಗಿಟ್ಟು ಮಕ್ಕಳ ಪುಸ್ತಕ ಬರೆಯುತ್ತಾಳೆ. ಪುಸ್ತಕ ಗೆಲ್ಲುತ್ತದೆ. ಇದರಲ್ಲಿ ಡೆಕ್ಸ್‌ಟರನ ಪಾಲು ಏನೂ ಇಲ್ಲ. ಆ ಹೊತ್ತಿಗೆ ಅವನ ಟೆಲಿವಿಷನ್ ಸಂಭ್ರಮ ಮುಗಿದಿರುತ್ತದೆ. ಅಂಥ ಕೀರ್ತಿಗೆ ಆಯುಸ್ಸು ಎಷ್ಟು ಎಂಬುದನ್ನು ನಿಕೋಲ್ಸ್ ಕನಿಕರವಿಲ್ಲದೆ ಬರೆದಿದ್ದಾನೆ.

1999ರಲ್ಲಿ ಹಳೆಯ ಗೆಳತಿಯೊಬ್ಬಳ ಮದುವೆಯಲ್ಲಿ ಇಬ್ಬರೂ ಮತ್ತೆ ಎದುರಾಗುತ್ತಾರೆ. ಸ್ನೇಹ ಮರಳಿ ಚಿಗುರುತ್ತದೆ. ಆದರೆ ಅಂದೇ ಡೆಕ್ಸ್‌ಟರ್ ತನ್ನ ಮದುವೆಯ ಕರೆಯೋಲೆಯನ್ನು ಅವಳ ಕೈಗಿಡುತ್ತಾನೆ! ವಧು ಸಿಲ್ವಿ, ಆಗಲೇ ಗರ್ಭಿಣಿ. ಆ ಮದುವೆ ಹೆಚ್ಚು ದಿನ ಬಾಳುವುದಿಲ್ಲ. ಜಾಸ್ಮಿನ್ ಎಂಬ ಮಗಳು ಉಳಿಯುತ್ತಾಳೆ. ರಾತ್ರಿಯೆಲ್ಲ ಅಳುವ ಕೂಸನ್ನು ಎತ್ತಿಕೊಂಡು ಒಬ್ಬನೇ ಮನೆಯೊಳಗೆ ಅಡ್ಡಾಡುವಾಗ ಅವನಿಗೆ ಮೊದಲ ಬಾರಿ ತನ್ನನ್ನು ಬಿಟ್ಟು ಇನ್ನೊಬ್ಬರ ಯೋಚನೆ ಬರುತ್ತದೆ. ತಾಯಿ ಹೇಳಿದ್ದ ದಿನ ಬಂದಂತೆ.

2001ರ ಪ್ಯಾರಿಸ್. ಎಮ್ಮಾ ಅಲ್ಲಿ ಕೂತು ಎರಡನೆಯ ಪುಸ್ತಕ ಬರೆಯುತ್ತಿದ್ದಾಳೆ. ವಿಚ್ಛೇದನ ಪಡೆದ ಡೆಕ್ಸ್‌ಟರ್ ರೈಲು ಹತ್ತಿ ಬರುತ್ತಾನೆ. ಬರುವಾಗ ಅವಳು ತನಗೇ ಕಾದಿದ್ದಾಳೆ ಎಂದು ಅವನ ಎಣಿಕೆ. ಬಂದು ನೋಡಿದರೆ ಅವಳಿಗೆ ಅಲ್ಲೊಬ್ಬ ಫ್ರೆಂಚ್ ಸಂಗೀತಗಾರನ ಸ್ನೇಹವಾಗಿದೆ. ಮೊಟ್ಟಮೊದಲ ಸಲ ಡೆಕ್ಸ್‌ಟರನಿಗೆ ನಿರಾಸೆ ಎಂದರೇನು ಎಂದು ಗೊತ್ತಾಗುತ್ತದೆ. ಅದನ್ನು ಅವನು ಜಗಳವಾಡದೆ, ಕುಡಿಯದೆ, ಸುಮ್ಮನೆ ಸಹಿಸಲು ನೋಡುತ್ತಾನೆ. ಅಂದು ಎಮ್ಮಾ ತೆಗೆದುಕೊಳ್ಳುವ ನಿರ್ಧಾರ ಅವಳದೇ. ಯಾವ ಕಾಗದದ ಒತ್ತಾಯವೂ ಇಲ್ಲ.

ಈಗ ಬೊಂಬಾಯಿಗೆ ಹಿಂದಿರುಗಬಹುದು. ಆ ಕಾಗದ 1990ರಲ್ಲಿ ತಲುಪಿತ್ತು ಎಂದೇ ಇಟ್ಟುಕೊಳ್ಳೋಣ. ಮೇಜು ಒರೆಸಿ ಬೇಸತ್ತ ಎಮ್ಮಾ ಸಾಲ ಮಾಡಿಯಾದರೂ ವಿಮಾನ ಹತ್ತುತ್ತಿದ್ದಳು. ತಾಜಮಹಲಿನ ಮುಂದೆ ಇಬ್ಬರೂ ನಿಲ್ಲುತ್ತಿದ್ದರು. ಆಮೇಲೆ? ಕಾಗದ ಬರೆದಿಟ್ಟ ಅರ್ಧ ಗಂಟೆಯಲ್ಲಿ ಇನ್ನೊಬ್ಬಳ ಹಿಂದೆ ಹೋದ ಹುಡುಗ ಅವನು. ತನ್ನ ಮೇಲೆ ತನಗೇ ನಂಬಿಕೆ ಇಲ್ಲದ, ಹೊಗಳಿದವರಿಗೆಲ್ಲ ಕೃತಜ್ಞಳಾಗಿಬಿಡುವ ಹುಡುಗಿ ಇವಳು. ಆಗ್ರಾದಿಂದ ದೆಹಲಿಗೆ ಬರುವಷ್ಟರಲ್ಲಿ ಅವನ ಕಣ್ಣು ಬೇರೆ ಕಡೆ ಹರಿಯುತ್ತಿತ್ತು. ಅವಳು ಅದನ್ನು ಕಂಡೂ ಕಾಣದಂತೆ ಇರುತ್ತಿದ್ದಳು. ಒಂದು ವರ್ಷದೊಳಗೆ ಎಲ್ಲ ಮುಗಿದು, ಆ ಸ್ನೇಹವೂ ಉಳಿಯುತ್ತಿರಲಿಲ್ಲ. 1995ರ ಸುಮಾರಿಗೆ ಎದ್ದು ಹೊರಬರಲು ಬೇಕಾದ ಬೆನ್ನುಮೂಳೆ 1990ರಲ್ಲಿ ಅವಳಿಗಿನ್ನೂ ಬಂದಿರಲಿಲ್ಲ. ಕಳೆದುಹೋದ ಕಾಗದ ಅವರಿಬ್ಬರಿಗೂ ಕೆಡುಕು ಮಾಡಲಿಲ್ಲ. ಇದನ್ನು ಒಪ್ಪದ ಓದುಗರೂ ಇದ್ದಾರೆ. ಹನ್ನೊಂದು ವರ್ಷ ವ್ಯರ್ಥವಾಯಿತಲ್ಲ ಎಂಬುದು ಅವರ ವಾದ. ಕಾದಂಬರಿಯ ಕೊನೆ ಗೊತ್ತಿದ್ದವರಿಗೆ ಆ ವಾದವನ್ನು ಸುಲಭವಾಗಿ ತಳ್ಳಿಹಾಕಲೂ ಆಗುವುದಿಲ್ಲ.

ಕೊನೆಯನ್ನು ಇಲ್ಲಿ ಹೇಳಬಹುದೇ? 2011ರಲ್ಲಿ ಆ್ಯನ್ ಹ್ಯಾಥವೇ, ಜಿಮ್ ಸ್ಟರ್ಜೆಸ್ ನಟಿಸಿದ ಚಲನಚಿತ್ರ ಬಂದಿದೆ. 2024ರಲ್ಲಿ ನೆಟ್‌ಫ್ಲಿಕ್ಸ್ 14 ಕಂತುಗಳ ಧಾರಾವಾಹಿ ಮಾಡಿದೆ. ಗುಟ್ಟು ಉಳಿದಿರುವುದು ಕಡಿಮೆ. ಧಾರಾವಾಹಿಯಲ್ಲಿ ಎಮ್ಮಾ ಆದವಳು ಅಂಬಿಕಾ ಮೋಡ್, ಭಾರತದಿಂದ ಬ್ರಿಟನ್ನಿಗೆ ಹೋಗಿ ನೆಲೆಸಿದವರ ಮಗಳು. ಪ್ರೇಮಕಥೆಯ ನಾಯಕಿಯಾಗಿ ತನ್ನನ್ನು ಕಲ್ಪಿಸಿಕೊಳ್ಳಲಾಗದೆ ಮೊದಲು ಆಕೆ ಈ ಪಾತ್ರ ಬೇಡವೆಂದಿದ್ದಳು. ಎಮ್ಮಾ ಆಗಿದ್ದರೂ ಹಾಗೇ ಹೇಳುತ್ತಿದ್ದಳೇನೋ! ಎರಡರಲ್ಲಿ ಧಾರಾವಾಹಿಯೇ ವಾಸಿ. ಇಪ್ಪತ್ತು ವರ್ಷವನ್ನು ಎರಡು ಗಂಟೆಯಲ್ಲಿ ಓಡಿಸುವ ಅವಸರ ಅದಕ್ಕಿಲ್ಲ. ಆದರೆ ಪುಸ್ತಕವಾಗಲಿ ಧಾರಾವಾಹಿಯಾಗಲಿ ಹೈಸ್ಕೂಲಿನ ಮಕ್ಕಳಿಗೆ ತಕ್ಕದ್ದಲ್ಲ. ಕುಡಿತ, ಮಾದಕ ವಸ್ತು, ಹಾಸಿಗೆಯ ಮಾತು ಎಲ್ಲವೂ ಇವೆ. ಪದವಿ ತರಗತಿಗೆ ಬಂದವರು ಓದಬಹುದು, ಮನೆಯವರಿಂದ ಬಚ್ಚಿಡುವ ಅಗತ್ಯವೂ ಇಲ್ಲ.

2004ರ ಜುಲೈ 15. ಎಮ್ಮಾ ಮತ್ತು ಡೆಕ್ಸ್‌ಟರ್ ಮದುವೆಯಾಗಿದ್ದಾರೆ. ಮಗು ಬೇಕೆಂದಿದ್ದಾರೆ, ಆಗಿಲ್ಲ. ಅದರ ಬೇಸರದಲ್ಲಿ ಸಣ್ಣ ಕಿರಿಕಿರಿಯೂ ಇದೆ. ಅವನೀಗ ಒಂದು ಕಾಫಿ ಅಂಗಡಿ ನಡೆಸುತ್ತಾನೆ. ಸಂಜೆ ಮನೆಯೊಂದನ್ನು ನೋಡಲು ಇಬ್ಬರೂ ಹೋಗಬೇಕು. ಎಮ್ಮಾ ಸೈಕಲ್ಲಿನಲ್ಲಿ ಹೊರಟಿದ್ದಾಳೆ, ಮಳೆ, ಸ್ವಲ್ಪ ತಡವಾಗಿದೆ. ಅಡ್ಡರಸ್ತೆಯಿಂದ ಬಂದ ವಾಹನ ಬಡಿಯುತ್ತದೆ. ಹಾರ್ಡಿಯ ನಾಯಕಿ ಯೋಚಿಸಿದ್ದ ಆ ದಿನ, ಸದ್ದಿಲ್ಲದೆ ಪ್ರತಿ ವರ್ಷ ಬಂದು ಹೋಗುತ್ತಿದ್ದ ದಿನ, ಇದೇ ಆಗಿತ್ತು. ಇಬ್ಬರೂ ಜೊತೆಗಿದ್ದದ್ದು ಮೂರೇ ವರ್ಷ.

ಇಲ್ಲಿಗೆ ಪುಸ್ತಕ ಮುಚ್ಚುವವರು ಒಳ್ಳೆಯ ಭಾಗವನ್ನು ಕಳೆದುಕೊಳ್ಳುತ್ತಾರೆ. ಮರುವರ್ಷ ಡೆಕ್ಸ್‌ಟರ್ ಮತ್ತೆ ಕುಡಿತಕ್ಕೆ ಬೀಳುತ್ತಾನೆ. ಅವನನ್ನು ಮನೆಗೆ ಕರೆದುಕೊಂಡು ಹೋಗುವವನು ತಂದೆ ಸ್ಟೀಫನ್, ಹಿಂದೆ ಬಾಗಿಲೊಳಕ್ಕೆ ಬಿಡುವುದಿಲ್ಲ ಎಂದಿದ್ದ ಅದೇ ತಂದೆ. ಗಂಡಸರಿಬ್ಬರೂ ಟೀವಿ ನೋಡುತ್ತಾ ಕೂರುತ್ತಾರೆ. ಹೆಂಡತಿಯನ್ನು ಕಳೆದುಕೊಂಡ ತಂದೆ, ಹೆಂಡತಿಯನ್ನು ಕಳೆದುಕೊಂಡ ಮಗ. ಅವಳು ಇನ್ನೂ ಇದ್ದಾಳೆ ಎಂಬಂತೆ ಬದುಕಲು ನೋಡು ಎನ್ನುತ್ತಾನೆ ತಂದೆ. ತನ್ನಿಂದ ಆಗದು ಎಂದು ಮಗ. ಆಗುತ್ತದೆ, ಇಷ್ಟು ವರ್ಷ ನಾನು ಮಾಡುತ್ತಿರುವುದು ಇನ್ನೇನು ಎಂದು ತಂದೆ. ಪ್ರೇಮಕಥೆಯೆಂದು ಹೆಸರಾದ ಪುಸ್ತಕದಲ್ಲಿ ಎಲ್ಲಕ್ಕಿಂತ ಆಳವಾದ ಪ್ರೀತಿಯ ಮಾತು ಬರುವುದು, ಕಥೆಯುದ್ದಕ್ಕೂ ಮಾತೇ ಆಡದ ಈ ಮುದುಕನ ಬಾಯಿಂದ.

ಕಡೆಯ ಪುಟಗಳಲ್ಲಿ 2007ರ ಎಡಿನ್‌ಬರೋ. ಊರಿನ ನಡುವೆ ಎದ್ದು ನಿಂತ ಆರ್ಥರ್ಸ್ ಸೀಟ್ ಎಂಬ 251 ಮೀಟರ್ ಎತ್ತರದ ಗುಡ್ಡವನ್ನು ಡೆಕ್ಸ್‌ಟರ್ ಪುಟ್ಟ ಮಗಳ ಜೊತೆ ಹತ್ತುತ್ತಾನೆ. ಅದರ ಜೊತೆಜೊತೆಗೇ ಲೇಖಕ 1988ರ ಮಾರನೆಯ ಬೆಳಗಿನ ಕಥೆಯನ್ನು ಬಿಡಿಸಿ ಹೇಳುತ್ತಾನೆ, ಇಷ್ಟು ಹೊತ್ತು ಬಚ್ಚಿಟ್ಟುಕೊಂಡಿದ್ದದ್ದನ್ನು. ಅಂದು ಕೂಡ ಇಬ್ಬರೂ ಅದೇ ಗುಡ್ಡ ಹತ್ತಿದ್ದರು. ಇಳಿಯುವ ಹೊತ್ತಿಗೆ ಸಲಿಗೆ ಬೆಳೆದು, ಅವನ ಕೋಣೆಗೆ ಹೋಗುವುದೆಂದು ಆಗಿತ್ತು. ಹೆಚ್ಚುಕಡಿಮೆ ಓಡುತ್ತಲೇ ಬರುತ್ತಾರೆ. ಬಂದು ನೋಡಿದರೆ ಬಾಗಿಲ ಬಳಿ ಆಲಿಸನ್ ಮತ್ತು ಸ್ಟೀಫನ್ ನಿಂತಿದ್ದಾರೆ, ಮಗನನ್ನು ಊರಿಗೆ ಕರೆದೊಯ್ಯಲು.

ತಬ್ಬಿಬ್ಬಾದ ಮಗ ಎಮ್ಮಾಳನ್ನು ತಾಯಿತಂದೆಗೆ ಪರಿಚಯಿಸುತ್ತಾನೆ. ತಾಯಿ ಅವಳನ್ನು ಒಮ್ಮೆ ಚೆನ್ನಾಗಿ ನೋಡುತ್ತಾಳೆ. ಎಮ್ಮಾ ನಾಲ್ಕು ಮಾತಾಡಿ ಹೊರಡುತ್ತಾಳೆ. ಅವಳು ಬೀದಿಯ ಕೊನೆ ಮುಟ್ಟುವ ಮೊದಲು ಡೆಕ್ಸ್‌ಟರ್ ಹಿಂದಿನಿಂದ ಓಡಿಬಂದು ಫೋನ್ ನಂಬರು ಕೇಳುತ್ತಾನೆ. ಈ ಸಲ ಬರೆದುಕೊಳ್ಳುತ್ತಾನೆ.